ಗೇಮಿಂಗ್ ಲ್ಯಾಪ್‌ಟಾಪ್ ಬೆಲೆ ಏರುತ್ತಿದೆ: ಈಗಲೇ ಕೊಳ್ಳಬೇಕಾ, ಕಾಯಬೇಕಾ?

ಮಗ ಈ ಆಗಸ್ಟ್‌ನಲ್ಲಿ ಕಾಲೇಜಿಗೆ ಹೋಗುತ್ತಾನೆ. ಓದಿಗೂ ಆಟಕ್ಕೂ ಆಗುವಂಥ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಅವನು ಕಳೆದ ಅಕ್ಟೋಬರ್‌ನಲ್ಲೇ ನೋಡಿಟ್ಟಿದ್ದ. ಆಗ 1,299 ಡಾಲರ್. ಥ್ಯಾಂಕ್ಸ್‌ಗಿವಿಂಗ್ ಸೇಲ್‌ನಲ್ಲಿ ಐವತ್ತು ಡಾಲರ್ ಇಳಿದಾಗಲೂ "ತಡಿಯೋ, ಹೊಸ ವರ್ಷಕ್ಕೆ ಇನ್ನೂ ಇಳಿಯುತ್ತೆ" ಅಂದವನು ನಾನು. ಮೊನ್ನೆ ನೋಡಿದರೆ ಅದೇ ಮಾಡೆಲ್ 1,549. "ಅಪ್ಪಾ, ಫೈನಾನ್ಸ್ ನಿಮ್ಮ ಕೆಲಸ ಅಲ್ವಾ?" ಅಂದ.

ಎಲೆಕ್ಟ್ರಾನಿಕ್ಸ್ ಅಂದರೆ ಕಾದಷ್ಟೂ ಅಗ್ಗ ಅನ್ನುವ ಲೆಕ್ಕದಲ್ಲೇ ನಾವೆಲ್ಲ ಬೆಳೆದವರು. ಈ ಸಲ ಆ ಲೆಕ್ಕ ತಪ್ಪಿದ್ದಕ್ಕೆ ಮುಖ್ಯ ಕಾರಣ ಮೆಮೊರಿ ಚಿಪ್. ಜಗತ್ತಿನ ರ್ಯಾಮ್‌ನ ಬಹುಪಾಲು ಮಾಡುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಎಂಬ ಮೆಮೊರಿಯನ್ನೂ ಇವರೇ ಮಾಡಬೇಕು. ಅಷ್ಟೇ ಸಾಮರ್ಥ್ಯದ ಮಾಮೂಲಿ ರ್ಯಾಮ್‌ಗೆ ಹೋಲಿಸಿದರೆ ಅದು ಸುಮಾರು ಮೂರು ಪಟ್ಟು ವೇಫರ್ ತಿನ್ನುತ್ತದೆ, ಲಾಭವೂ ಹೆಚ್ಚು. ಹಾಗಾಗಿ ಕಾರ್ಖಾನೆ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಿಲ್ಲ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ 'ಕ್ರೂಶಿಯಲ್' ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ನಮ್ಮಲ್ಲಿ ಎಷ್ಟೋ ಜನ ಹಳೆ ಲ್ಯಾಪ್‌ಟಾಪಿಗೆ ಹಾಕಿಸಿದ್ದು ಅದೇ ರ್ಯಾಮ್.

ಇದು ನನಗೆ ಕೋಲಾರದ ಟೊಮೆಟೊ ಕಥೆಯಂತೆ ಕಾಣುತ್ತದೆ. ಒಂದು ವರ್ಷ ಬೆಲೆ ಬಿದ್ದು ರೈತ ರಸ್ತೆಗೆ ಸುರಿಯುತ್ತಾನೆ, ಮುಂದಿನ ಸಲ ಕಡಿಮೆ ನೆಡುತ್ತಾನೆ, ಆಗ ಬೆಲೆ ಆಕಾಶಕ್ಕೆ. 2023ರ ಹಣಕಾಸು ವರ್ಷದಲ್ಲಿ ಮೆಮೊರಿ ಬೆಲೆ ಎಷ್ಟು ಕುಸಿದಿತ್ತೆಂದರೆ ಮೈಕ್ರಾನ್ ಒಂದೇ 580 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಎಲ್ಲರೂ ಉತ್ಪಾದನೆ ಕಡಿಮೆ ಮಾಡಿದರು. ಅದರ ಬೆನ್ನಿಗೇ ಎಐ ಬೇಡಿಕೆ ಬಂತು. ವ್ಯತ್ಯಾಸ ಇಷ್ಟೇ: ಟೊಮೆಟೊ ಮೂರು ತಿಂಗಳಲ್ಲಿ ಫಸಲು ಕೊಡುತ್ತದೆ, ಚಿಪ್ ಕಾರ್ಖಾನೆಗೆ ವರ್ಷಗಳು ಬೇಕು. ಬೆಲೆ ಇಳಿಯುವುದೇ ಇಲ್ಲ ಅಂತಲ್ಲ, ಹಿಂದೆಯೂ ಇಳಿದಿದೆ. ಆದರೆ ಆಗಸ್ಟ್‌ಗೆ ಬೇಕಾದವರು ಅದನ್ನು ನಂಬಿ ಕೂರುವುದು ಜೂಜು. ಈಗಿರುವ ಲ್ಯಾಪ್‌ಟಾಪ್ ಇನ್ನೆರಡು ವರ್ಷ ಓಡುತ್ತದೆ ಅನ್ನುವವರು ಮಾತ್ರ ಧಾರಾಳವಾಗಿ ಕಾಯಿರಿ.

ಕೊಳ್ಳುವುದೇ ಆದರೆ ಸ್ಟಿಕರ್ ನೋಡಿ ಮೋಸ ಹೋಗಬೇಡಿ. ನಾನು ಹೋಗಿದ್ದೇನೆ. ಕೆಲವು ವರ್ಷಗಳ ಹಿಂದೆ ತೆಳ್ಳಗೆ, ಚಂದ ಇದೆ ಅಂತ ಒಂದು ತಗೊಂಡೆ. ಗ್ರಾಫಿಕ್ಸ್ ಕಾರ್ಡ್ ಹೆಸರು ಅದೇ, ಆದರೆ ಅದಕ್ಕೆ ಸಿಗುತ್ತಿದ್ದ ಕರೆಂಟು ಅರ್ಧ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 5060 ಅಂದರೆ 45 ವ್ಯಾಟ್‌ನಿಂದ 100 ವ್ಯಾಟ್‌ವರೆಗೆ ಏನು ಬೇಕಾದರೂ ಇರಬಹುದು. ಸ್ಪೆಸಿಫಿಕೇಶನ್ ಪುಟದಲ್ಲಿ ಟಿಜಿಪಿ ಎಂಬ ಸಂಖ್ಯೆ ಹುಡುಕಿ. ಕೊಟ್ಟಿಲ್ಲವಾದರೆ ರಿವ್ಯೂ ನೋಡದೆ ಕೊಳ್ಳಬೇಡಿ. ಇನ್ನೊಂದು ವಿಷಯ: ಲ್ಯಾಪ್‌ಟಾಪಿನ 5060, 5070 ಎರಡರಲ್ಲೂ ಗ್ರಾಫಿಕ್ಸ್ ಮೆಮೊರಿ 8 ಜಿಬಿಯೇ. 12 ಜಿಬಿ ಬೇಕೆಂದರೆ 5070 ಟಿಐಗೆ ಹೋಗಬೇಕು. ನಡುವಿನದಕ್ಕೆ ಇನ್ನೂರು ಮುನ್ನೂರು ಡಾಲರ್ ಹೆಚ್ಚು ಕೊಡುವುದು ನನಗಂತೂ ಸರಿ ಕಾಣಲಿಲ್ಲ.

ರ್ಯಾಮ್ ವಿಷಯದಲ್ಲಿ ಹಳೆಯ ಸಲಹೆ ತಿರುವುಮುರುವಾಗಿದೆ. ಮೊದಲು ಕಡಿಮೆ ರ್ಯಾಮ್ ಇರುವುದನ್ನು ಕೊಂಡು, ಮಾರನೇ ದಿನವೇ ಹೊರಗಿನಿಂದ ಅಗ್ಗದ ರ್ಯಾಮ್ ಹಾಕಿಸಿ ಅನ್ನುತ್ತಿದ್ದೆ. ಈಗ ಬಿಡಿ ರ್ಯಾಮ್ ದುಬಾರಿ. ಆದರೂ ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದಕ್ಕಿಂತ ಬದಲಿಸಬಹುದಾದ ಸ್ಲಾಟ್ ಇರುವುದೇ ಲೇಸು. ಬೆಲೆ ಇಳಿದ ದಿನ ಹಾಕಿಕೊಳ್ಳುವ ಹಕ್ಕು ನಿಮ್ಮ ಕೈಯಲ್ಲಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದೊಂದು ಆಪ್ಶನ್.

ಇನ್ನು ಕಂತು. "12 ತಿಂಗಳು ಬಡ್ಡಿ ಇಲ್ಲ" ಅನ್ನುವ ಅಂಗಡಿ ಕಾರ್ಡ್‌ಗಳಲ್ಲಿ ಅನೇಕವು ಬಡ್ಡಿಯನ್ನು ಮನ್ನಾ ಮಾಡುವುದಿಲ್ಲ, ಮುಂದೂಡುತ್ತವೆ ಅಷ್ಟೇ. 1,600 ಡಾಲರ್ ಸಾಲ, ತಿಂಗಳಿಗೆ 125ರಂತೆ ಕಟ್ಟಿದಿರಿ ಅನ್ನಿ. ವರ್ಷದ ಕೊನೆಗೆ ಉಳಿಯುವುದು 100 ಡಾಲರ್. ದರ ಶೇ. 30 ಇದ್ದರೆ, ಆ ನೂರಕ್ಕಾಗಿ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಸುಮಾರು 270 ಡಾಲರ್ ನಿಮ್ಮ ಮೇಲೆ ಬೀಳುತ್ತದೆ. ಕಂತು ತಗೊಂಡರೆ ಮೊತ್ತವನ್ನು ಹನ್ನೆರಡರಿಂದ ಅಲ್ಲ, ಹನ್ನೊಂದರಿಂದ ಭಾಗಿಸಿ ಆಟೋಪೇ ಹಾಕಿ.

ಬೆಲೆ ಏರುತ್ತಿದ್ದಂತೆ ದಾವಣಗೆರೆಯಿಂದ ಅಕ್ಕನ ಮಗನ ಫೋನ್ ಬಂತು: "ಮಾಮ, ಬರುವಾಗ ಅಲ್ಲಿಂದಲೇ ಒಂದು ತಗೊಂಡು ಬನ್ನಿ." ಇಲ್ಲಿ ನ್ಯೂಜೆರ್ಸಿಯಲ್ಲಿ ಸೇಲ್ಸ್ ಟ್ಯಾಕ್ಸ್ ಶೇ. 6.625, ಅಲ್ಲಿ ಜಿಎಸ್‌ಟಿ ಶೇ. 18. ಆಸೆ ಸಹಜ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು. ಆದರೆ ನಿಮ್ಮ ಆಫೀಸಿನದು ಬ್ಯಾಗಿನಲ್ಲಿದ್ದರೆ ಆ ಒಂದು ಅದೇ ಆಗಿಬಿಡುತ್ತದೆ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕಂಪನಿಯನ್ನೇ ಕೇಳಿ. ನಡೆಯದಿದ್ದರೆ, ಕೆಟ್ಟ ದಿನ ಉಳಿಸಿದ ದುಡ್ಡಿನ ಜೊತೆ ಸಂಬಂಧವೂ ಹೋಗುತ್ತದೆ. ಅವನಿಗೆ ಅಲ್ಲೇ ತಗೋ ಅಂದೆ. ಸ್ವಲ್ಪ ಮುನಿಸಿಕೊಂಡಿದ್ದಾನೆ.

ಮಗನ ಜೊತೆ ಕೂತು ಅವನು ನಿಜವಾಗಿ ಆಡುವ ಆಟಗಳ ಪಟ್ಟಿ ಮಾಡಿದೆವು. ಮೂರರಲ್ಲಿ ಎರಡು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಕೊನೆಗೆ ತಗೊಂಡದ್ದು 100 ವ್ಯಾಟ್‌ನ 5060 ಇರುವ, ದಪ್ಪನೆಯ, ನೋಡಲು ಅಷ್ಟಕ್ಕಷ್ಟೇ ಆದ ಒಂದು ಮಾಡೆಲ್. 1,199 ಡಾಲರ್, ತೆರಿಗೆ ಸೇರಿ 1,278, ಪೂರ್ತಿ ನಗದು. ರ್ಯಾಮ್ 16 ಜಿಬಿಯ ಒಂದೇ ಸ್ಟಿಕ್. ಎರಡು ಸ್ಟಿಕ್ ಇದ್ದಿದ್ದರೆ ಆಟ ಇನ್ನೂ ಸ್ವಲ್ಪ ಚುರುಕಾಗಿ ಓಡುತ್ತಿತ್ತು. ಎರಡನೇ ಸ್ಲಾಟ್ ಸದ್ಯಕ್ಕೆ ಖಾಲಿ ಇದೆ, ರ್ಯಾಮ್ ಬೆಲೆಯ ಅಲರ್ಟ್ ನನ್ನ ಫೋನಿನಲ್ಲಿದೆ.