ಧ್ವನಿಯ ಹದ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಇಂದು ಕೈಗಾರಿಕೆಗಳಿಗೆ ನೆಲೆಯಾಗಿರುವ ಊರು. ಇಂತಹ ಊರಿನ ರಸ್ತೆಯಲ್ಲಿ ಸಾಗುವ ಕಾರಿನೊಳಗೆ ಸಂಗೀತವು ಕೇಳಬೇಕಾದರೆ ಎಂಜಿನ್ನಿನ ಮೊರೆತವನ್ನೂ ಲಾರಿಗಳ ಸದ್ದನ್ನೂ ಅದು ಮೀರಬೇಕು. ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಮೋಟೊರೋಲಾ ಎಂಬ ಕಾರ್ ರೇಡಿಯೊವನ್ನು ಹೊರತಂದಾಗಿನಿಂದಲೂ ಈ ತೊಡಕು ಇದ್ದೇ ಇದೆ. ಇದಕ್ಕೆ ಒದಗುವ ಸಾಧನವೇ ಆಂಪ್ಲಿಫೈಯರ್.

ಕಾರಿನ ಸ್ಟೀರಿಯೊದಿಂದ ಹೊರಡುವ ವಿದ್ಯುತ್ ಸಂಕೇತವು ದುರ್ಬಲವಾದುದು. ಅನೇಕ ಯಂತ್ರಗಳಲ್ಲಿ ಅದು 2ರಿಂದ 4 ವೋಲ್ಟ್‌ಗಳಷ್ಟೆ. ಆಂಪ್ಲಿಫೈಯರ್ ಅದನ್ನು ವರ್ಧಿಸಿ ಸ್ಪೀಕರುಗಳಿಗೆ ಒದಗಿಸುತ್ತದೆ. ಅದರಲ್ಲಿ ‘ಗೇನ್’ ಎಂಬ ಗುಂಡಿಯೊಂದು ಇರುತ್ತದೆ. ಇದು ಸದ್ದನ್ನು ಹೆಚ್ಚಿಸುವ ಗುಂಡಿಯೆಂದು ಹಲವರ ಭಾವನೆ. ಅದು ಸರಿಯಲ್ಲ. ಬರುವ ಸಂಕೇತಕ್ಕೂ ಆಂಪ್ಲಿಫೈಯರಿನ ಸಾಮರ್ಥ್ಯಕ್ಕೂ ಹೊಂದಿಕೆ ಮಾಡುವುದೇ ಗೇನಿನ ಕೆಲಸ.

ಕೆರೆಯ ತೂಬನ್ನು ಕಾಲುವೆಯ ಅಳತೆಯನ್ನರಿತು ತೆರೆಯಬೇಕು. ಇಲ್ಲವಾದರೆ ನೀರು ಉಕ್ಕಿ ಬದುಗಳು ಒಡೆಯುತ್ತವೆ. ಅಂತೆಯೇ ಗೇನ್ ಮಿತಿಮೀರಿದಾಗ ಸಂಕೇತದ ಅಲೆಗಳ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆಗ ಸ್ವರವು ಒಡೆಯುತ್ತದೆ. ಸ್ಪೀಕರಿನ ಒಳಗಿರುವ ತಂತಿಯ ಸುರುಳಿಯು ಕಾದು ಸುಟ್ಟುಹೋಗಲೂಬಹುದು. ಗೇನ್ ತೀರ ಕಡಿಮೆಯಾದರೆ ಆಂಪ್ಲಿಫೈಯರಿನ ಶಕ್ತಿಯು ಪೂರ್ಣವಾಗಿ ಬಳಕೆಯಾಗದು.

ಹಾಗಾದರೆ ಹದವನ್ನು ಅರಿಯುವುದು ಹೇಗೆ? ಇದಕ್ಕೆ ಗಣಿತವು ನೆರವಾಗುತ್ತದೆ. ಸಾಮರ್ಥ್ಯವನ್ನು ರೋಧದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ಬೇಕಾದ ವೋಲ್ಟ್‌ಗಳ ಪ್ರಮಾಣವು ದೊರೆಯುತ್ತದೆ. ಆಂಪ್ಲಿಫೈಯರಿನ ಸಾಮರ್ಥ್ಯ 100 ವಾಟ್, ಸ್ಪೀಕರಿನ ರೋಧ 4 ಓಮ್ ಎಂದುಕೊಳ್ಳೋಣ. ಇವುಗಳ ಗುಣಲಬ್ಧ 400. ಅದರ ವರ್ಗಮೂಲ 20. ಆದುದರಿಂದ ಬೇಕಾದುದು 20 ವೋಲ್ಟ್.

ಮೊದಲು ಸ್ಪೀಕರುಗಳ ತಂತಿಗಳನ್ನು ಬಿಡಿಸಿ, ಗೇನನ್ನು ಪೂರ್ಣವಾಗಿ ತಗ್ಗಿಸಬೇಕು. ಸ್ಟೀರಿಯೊದಲ್ಲಿ ಸ್ವರಗಳ ಏರಿಳಿತವನ್ನು ಮಾರ್ಪಡಿಸುವ ಗುಂಡಿಗಳೆಲ್ಲವೂ ಮಧ್ಯದಲ್ಲಿರಬೇಕು. ಅದರ ಧ್ವನಿಮಟ್ಟವನ್ನು ಮುಕ್ಕಾಲು ಭಾಗಕ್ಕೆ ಏರಿಸಿ ಪರೀಕ್ಷಾಸ್ವರವನ್ನು ನುಡಿಸಬೇಕು. ಮಂದ್ರಸ್ವರದ ಸ್ಪೀಕರಿಗೆ 50 ಹರ್ಟ್ಸ್, ಉಳಿದವುಗಳಿಗೆ 1000 ಹರ್ಟ್ಸ್ ಆವೃತ್ತಿಯ ಸ್ವರವು ತಕ್ಕುದು. ಬಳಿಕ ಮಲ್ಟಿಮೀಟರನ್ನು ಆಂಪ್ಲಿಫೈಯರಿನ ಹೊರತುದಿಗೆ ಜೋಡಿಸಿ, ಅದು 20 ವೋಲ್ಟ್ ತೋರಿಸುವವರೆಗೆ ಗೇನನ್ನು ಮೆಲ್ಲನೆ ಏರಿಸಿ ಅಲ್ಲಿಯೇ ನಿಲ್ಲಿಸಬೇಕು.

ಕಡೆಯದಾಗಿ ಸ್ಪೀಕರುಗಳನ್ನು ಜೋಡಿಸಿ ಪರಿಚಿತವಾದ ಹಾಡೊಂದನ್ನು ಕೇಳಬೇಕು. ಮುಂದಿನ ಸ್ಪೀಕರುಗಳನ್ನು ಹಿಂದಿನವು ಅಡಗಿಸಿದರೆ ಹಿಂದಿನವುಗಳ ಗೇನನ್ನು ತಗ್ಗಿಸಬೇಕೇ ಹೊರತು ಮುಂದಿನವುಗಳದನ್ನು ಏರಿಸಬಾರದು. ಬಲಿಷ್ಠವು ದುರ್ಬಲಕ್ಕಾಗಿ ತಗ್ಗುವುದರಿಂದಲೇ ಸಮತೋಲನವು ಸಾಧ್ಯ.

ಯಂತ್ರಕ್ಕೆ ಮಿತಿಯಿರುವಂತೆ ಕಿವಿಗೂ ಮಿತಿಯುಂಟು. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರ ಶ್ರವಣಶಕ್ತಿಯು ಕುಂದುತ್ತದೆ. ಕುಂದಿದ ಆ ಶಕ್ತಿಯು ಮರಳಿ ಬಾರದು. ಸುಟ್ಟ ಸ್ಪೀಕರನ್ನು ಬದಲಾಯಿಸಬಹುದು, ಕಿವಿಯನ್ನು ಬದಲಾಯಿಸಲಾಗದು. ಹಿಂದಿನ ವಾಹನದ ಹಾರನ್ ಚಾಲಕನಿಗೆ ಕೇಳಿಸುವಷ್ಟು ಹದವಾಗಿ ನುಡಿಯುವ ಸಂಗೀತವೇ ಪಯಣಕ್ಕೆ ಒಪ್ಪುವ ಸಂಗೀತ.