ನ್ಯುಮೋನಿಯಾ ಮತ್ತು ನಮ್ಮ ವಿಳಂಬ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಮನೆಯಲ್ಲಿಯೂ ಶೀತಜ್ವರಗಳು ತಲೆದೋರುವುದು ವಾಚಕರ ಅನುಭವಕ್ಕೆ ಬಂದ ವಿಷಯವೇ ಆಗಿದೆ. ಅವುಗಳಲ್ಲಿ ಬಹುಪಾಲು ಕಷಾಯದಿಂದಲೂ ವಿಶ್ರಾಂತಿಯಿಂದಲೂ ಶಮನವಾಗುವುವು. ಕೆಲವು ಮಾತ್ರ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುವುವು. ಆಸ್ಪತ್ರೆಗೆ ಸೇರಿದ ಒಂದೆರಡು ದಿನಗಳಲ್ಲಿಯೇ ರೋಗಿಯು ತೀರಿಕೊಂಡರೆ ಬಂಧುಗಳು ವೈದ್ಯರನ್ನು ದೂರುವುದುಂಟು. ಆದರೆ ಇಂತಹ ಎಷ್ಟೋ ಮರಣಗಳಿಗೆ ಮನೆಯಲ್ಲಿ ಕಾದು ಕಳೆದ ರಾತ್ರಿಯೇ ಕಾರಣವೆಂಬುದು ನಮ್ಮ ಅಭಿಪ್ರಾಯ.

ಯಾರಿಗೆ ಅಪಾಯ ಹೆಚ್ಚೆಂಬುದು ಗುಟ್ಟೇನೂ ಅಲ್ಲ. 2003ನೆಯ ಇಸವಿಯಲ್ಲಿ ಪ್ರಕಟವಾಗಿ ಈಗ ಲೋಕದ ವೈದ್ಯರು ಬಳಸುತ್ತಿರುವ ‘ಕರ್ಬ್-65’ ಎಂಬ ಗಣನೆಯಲ್ಲಿ ಐದು ಅಂಶಗಳಿವೆ: 65 ಅಥವಾ ಹೆಚ್ಚಿನ ವಯಸ್ಸು, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಕುಸಿದ ರಕ್ತದೊತ್ತಡ, ಹೊಸದಾಗಿ ಕಾಣುವ ಬುದ್ಧಿಭ್ರಮೆ, ರಕ್ತದಲ್ಲಿ ಏರಿದ ಯೂರಿಯಾ. ಮೂರು ಕೂಡಿದರೆ ರೋಗವು ಉಗ್ರವೆಂದೇ ತಿಳಿಯಬೇಕು. ಇವುಗಳಲ್ಲಿ ಯೂರಿಯಾ ಒಂದನ್ನುಳಿದು ಯಾವುದಕ್ಕೂ ಪ್ರಯೋಗಶಾಲೆ ಬೇಡ. ವೃದ್ಧರಲ್ಲಿ ಜ್ವರವೂ ಕೆಮ್ಮೂ ಕಾಣದೆ ಬರಿಯ ಭ್ರಮೆಯೇ ತೋರಬಹುದು. ಅದನ್ನು ವಯಸ್ಸಿನ ಮರುಳೆಂದು ಬಗೆದು ಸುಮ್ಮನಿರುವುದು ಅನರ್ಥಕಾರಿ. ಮಧುಮೇಹ, ಹೃದಯ, ಮೂತ್ರಪಿಂಡಗಳ ಬೇನೆಯುಳ್ಳವರೂ ಧೂಮಪಾನಿಗಳೂ ವಿಶೇಷ ಎಚ್ಚರದಿಂದಿರತಕ್ಕದ್ದು.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನಕಾಯಿಲೆಯು 2019ರ ಆರಂಭದಲ್ಲಿ ಸಾಗರದ ಅರಳಗೋಡಿನಲ್ಲಿ ಹಲವರನ್ನು ಬಲಿಗೊಂಡ ಮೇಲೆ, ಬೇಸಗೆಯ ಜ್ವರವನ್ನು ಯಾರೂ ಹಗುರವಾಗಿ ಕಾಣರು. ಮಳೆಗಾಲದ ಜ್ವರಕ್ಕೆ ಆ ಎಚ್ಚರವೇಕಿಲ್ಲ?

ಶರಾವತಿ ಹಿನ್ನೀರಿನಾಚೆಯ ತುಮರಿಯವರು ದಶಕಗಳ ಕಾಲ ಲಾಂಚನ್ನು ಕಾದರು. 2025ನೆಯ ಜುಲೈ 14ರಂದು ಸಿಗಂದೂರು ಸೇತುವೆ ತೆರೆದು ಆ ಕಷ್ಟ ನೀಗಿತು. ಆದರೂ ಈ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 60-70 ಕಿಲೋಮೀಟರುಗಳ ದಾರಿಯಿದೆ. ಆದುದರಿಂದ ಆಮ್ಲಜನಕವೂ ಔಷಧದ ಮೊದಲ ಪ್ರಮಾಣವೂ ದಾರಿಯ ಕೊನೆಯಲ್ಲಲ್ಲ, ಮೊದಲಲ್ಲಿಯೇ ದೊರೆಯಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಮ್ಲಜನಕದ ಸಿಲಿಂಡರು, ಬೆರಳಿಗಿಡುವ ಆಕ್ಸಿಮೀಟರು ಇವು ಮಳೆಗೆ ಮುನ್ನವೇ ಸುಸ್ಥಿತಿಯಲ್ಲಿವೆಯೇ ಎಂಬುದನ್ನು ಅಧಿಕಾರಿಗಳು ಖುದ್ದು ಪರಿಶೀಲಿಸಬೇಕೆಂದು ಒತ್ತಾಯಿಸುತ್ತೇವೆ.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಗಡಿಯಾರವನ್ನು ಮುಂದಿಟ್ಟುಕೊಂಡು ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ವಯಸ್ಕರಲ್ಲಿ ಅದು 30 ಮುಟ್ಟಿದರೆ, ಇಲ್ಲವೆ ಮಾತು ತಡವರಿಸಿದರೆ, ಬೆಳಗಾಗಲೆಂದು ಕಾಯದೆ ಆ ಕ್ಷಣವೇ 108ಕ್ಕೆ ಕರೆ ಮಾಡಿರಿ.