ಎಳೆ ಮರಕ್ಕೆ ಹಳೆಯ ಬಣ್ಣ

18ನೇ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಉದ್ದ ನಳಿಗೆಯ ರೈಫಲ್‌ಗಳನ್ನು ನೋಡುವವರ ಕಣ್ಣು ಮೊದಲು ನಿಲ್ಲುವುದು ಅವುಗಳ ಮರದ ಮೇಲೆ. ಕೆಂಗಂದು ಬಣ್ಣದ ಮೈ, ಅದರ ತುಂಬ ಹುಲಿಪಟ್ಟೆಯಂಥ ಗಾಢ ಗೆರೆಗಳು. ತಲೆಮಾರುಗಳ ಕೈಬೆವರು, ಎಣ್ಣೆ, ಹೊಗೆ ಸೇರಿ ಹೀಗಾಗಿರಬೇಕು ಎನಿಸುತ್ತದೆ. ಆದರೆ ಇಂಥ ಅನೇಕ ಕೋವಿಗಳಿಗೆ ಆ ಬಣ್ಣದ ಬುನಾದಿ ಬಿದ್ದದ್ದು ಅವು ಹೊಚ್ಚಹೊಸದಾಗಿದ್ದಾಗಲೇ, ಕುಶಲಕರ್ಮಿಯ ಕೈಯಲ್ಲೇ.

ಜರ್ಮನ್ ನಾಡುಗಳಿಂದ ವಲಸೆ ಬಂದ ಕೋವಿ ಕಸುಬಿನವರಿಗೆ ಊರಲ್ಲಿ ರೂಢಿಯಿದ್ದದ್ದು ವಾಲ್ನಟ್, ಅಂದರೆ ಅಕ್ರೋಟು ಮರ. ಅದು ಹುಟ್ಟಾ ಕಂದು. ಎಣ್ಣೆ ಹಚ್ಚಿದರೆ ಸಾಕು. ಹೊಸ ನಾಡಿನಲ್ಲಿ ಅವರು ಹೆಚ್ಚಾಗಿ ಆರಿಸಿಕೊಂಡದ್ದು ಮೇಪಲ್. ಗಟ್ಟಿ ಮರ, ಕೆಲವು ಮರಗಳಲ್ಲಿ ಅಲೆಯಲೆಯಾದ ಚೆಂದದ ಎಳೆ. ಆದರೆ ಉಜ್ಜುಗೊರಡು ಹೊಡೆದ ಮೇಪಲ್ ಬಿಳಿಚಿಕೊಂಡಿರುತ್ತದೆ. ಅದರ ಅಲೆ ಎದ್ದು ಕಾಣಲು ಬಣ್ಣ ಬೇಕು.

ಆ ಬಣ್ಣ ಸಿಕ್ಕಿದ್ದು ಆಮ್ಲದಲ್ಲಿ. ಪೆಟ್ಲುಪ್ಪನ್ನು ಪಟಿಕ ಮತ್ತು ಲೋಹದ ಲವಣಗಳ ಜೊತೆ ಕಾಯಿಸಿ ನೈಟ್ರಿಕ್ ಆಮ್ಲ ಇಳಿಸುವ ಕ್ರಮ ಸುಮಾರು 1300ರ ಹೊತ್ತಿನ ಲ್ಯಾಟಿನ್ ರಸವಿದ್ಯೆಯ ಬರಹಗಳಲ್ಲೇ ಇದೆ. ಚಿನ್ನದಿಂದ ಬೆಳ್ಳಿ ಬೇರ್ಪಡಿಸಲು, ತಾಮ್ರದ ತಗಡಿನಲ್ಲಿ ಚಿತ್ರ ಕೊರೆಯಲು ಅದು ಬಳಕೆಗೆ ಬಂತು. ಮರಕ್ಕೂ ಅದು ಒಗ್ಗುತ್ತದೆಂಬುದು 1688ರ ವೇಳೆಗೆ ಅಚ್ಚಿನಲ್ಲಿ ಬಂದಿತ್ತು. ಆ ವರ್ಷ ಆಕ್ಸ್‌ಫರ್ಡ್‌ನಲ್ಲಿ ಜಾನ್ ಸ್ಟಾಕರ್ ಮತ್ತು ಜಾರ್ಜ್ ಪಾರ್ಕರ್ ವಾರ್ನಿಷ್ ಕಲೆಯ ಕುರಿತು ಒಂದು ಕೈಪಿಡಿ ಹೊರತಂದರು. ಸುರುಳಿ ಎಳೆಯ ಬಿಳಿ ಮರಕ್ಕೆ ಈ ಆಮ್ಲ ಬಳಿದು ಬೆಂಕಿಗೆ ಹಿಡಿಯಬೇಕು, ಹೊಗೆ ನಿಂತ ಮೇಲೆ ಉಜ್ಜಿ ಅರಗಿನ ವಾರ್ನಿಷ್ ಕೊಡಬೇಕು ಎಂದು ಅದರಲ್ಲಿ ವಿವರಿಸಿದ್ದಾರೆ. ಆ ಅರಗು ಹೋಗುತ್ತಿದ್ದದ್ದು ನಮ್ಮ ಭಾರತದಿಂದ.

ಕೋವಿ ಕಸುಬಿನಲ್ಲಿ ಇದಕ್ಕೆ ಕಬ್ಬಿಣ ಸೇರಿತು. ನೀರು ಬೆರೆಸಿದ ಆಮ್ಲದಲ್ಲಿ ಅರದಿಂದ ಉಜ್ಜಿ ತೆಗೆದ ಕಬ್ಬಿಣದ ಪುಡಿ ಕರಗಿಸಿ, ಬಟ್ಟೆಯಿಂದ ಮರಕ್ಕೆ ಬಳಿದು ಒಣಗಲು ಬಿಡುತ್ತಾರೆ. ಮರ ಹಸಿರು ಬೆರೆತ ಹಳದಿಗೆ ತಿರುಗಿ, ಕೆಲಸ ಕೆಟ್ಟೇಹೋಯಿತು ಎಂಬಂತೆ ಕಾಣುತ್ತದೆ. ಆಮೇಲೆ ಕಾದು ಕೆಂಪಾದ ಕಬ್ಬಿಣದ ತುಂಡನ್ನು ತಾಗಿಸದೆ ಹತ್ತಿರ ಹಿಡಿದು ಸರಿಸುತ್ತ ಹೋದರೆ, ಶಾಖ ತಟ್ಟಿದಲ್ಲೆಲ್ಲ ಹಸಿರು ಮಾಯವಾಗಿ ಕೆಂಗಂದು ಮೂಡುತ್ತದೆ. ಅಗಸೆ ಎಣ್ಣೆ ತಿಕ್ಕಿದಾಗ ಪಟ್ಟೆಗಳಿಗೆ ಆಳ ಬರುತ್ತದೆ.

ಇದರ ಕಾರಣ ಸ್ಪಷ್ಟ. ಆಮ್ಲದಲ್ಲಿ ಕರಗಿದ ಕಬ್ಬಿಣ ನೈಟ್ರೇಟ್ ಆಗುತ್ತದೆ. ಶಾಖಕ್ಕೆ ಅದು ಒಡೆದು, ತುಕ್ಕಿನ ಬಳಗದ ಆಕ್ಸೈಡ್ ಮರದ ರಂಧ್ರಗಳಲ್ಲೇ ಉಳಿಯುತ್ತದೆ. ಆಮ್ಲವೂ ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥದ ಬಣ್ಣ ಬದಲಿಸುತ್ತದೆ. ಅಲೆಯೆಳೆಯ ಮೇಪಲ್‌ನಲ್ಲಿ ನಾರುಗಳು ಏರಿಳಿಯುವುದರಿಂದ ಮೇಲ್ಮೈಗೆ ತುದಿ ತೆರೆದ ಕಡೆ ದ್ರಾವಣ ಹೆಚ್ಚು ಇಂಗಿ ಗಾಢವಾಗುತ್ತದೆ. ಪಟ್ಟೆ ಮರದೊಳಗೇ ಇತ್ತು. ಕಬ್ಬಿಣ ಅದನ್ನು ಹೊರಗೆ ತಂದಿತು.

20ನೇ ಶತಮಾನದಲ್ಲಿ ಕೈಯಿಂದ ರೈಫಲ್ ಮಾಡುವ ವಿದ್ಯೆಗೆ ಮತ್ತೆ ಜೀವ ಬಂತು. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಇತಿಹಾಸ ಸಂಗ್ರಹಾಲಯದ ಕುಶಲಕರ್ಮಿ ವ್ಯಾಲೇಸ್ ಗಸ್ಲರ್ ಇಡೀ ರೈಫಲನ್ನು ಹಳೆಯ ಕ್ರಮದಲ್ಲೇ ಮಾಡಿದ್ದು 1969ರ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಇಂದಿನ ಕಸುಬುದಾರರು ಕಾದ ಕಬ್ಬಿಣದ ಬದಲು ಬಿಸಿಗಾಳಿ ಯಂತ್ರ ಹಿಡಿಯುತ್ತಾರೆ, ಆಮ್ಲದಲ್ಲಿ ಕಬ್ಬಿಣ ಕರಗುವಾಗ ಏಳುವ ವಿಷಗಾಳಿಗೆ ಹೆದರಿ ಬಯಲಲ್ಲಿ ಕೆಲಸ ಮಾಡುತ್ತಾರೆ, ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒರೆಸಿ ಉಳಿದ ಆಮ್ಲವನ್ನು ತಣಿಸುತ್ತಾರೆ.

ಹೊಸ ಮರ ಹಳೆಯದರಂತೆ ಕಾಣಲೆಂದು ಗೀರುವುದು, ಜಜ್ಜುವುದು, ಮಸಿ ಬಳಿಯುವುದು ಉಂಟು. ಅವು ಸವೆತವನ್ನು ನಟಿಸುತ್ತವೆ, ಅಷ್ಟೇ. ಹಳೆಯ ಕೋವಿಯ ಚೆಲುವು ಬೇಕೆಂದರೆ ಅದನ್ನು ಮಾಡಿದವನು ಮೊದಲ ದಿನ ಮಾಡಿದ್ದನ್ನೇ ಮಾಡಬೇಕು. ಸವೆತದ ಕೆಲಸವನ್ನು ಬಳಕೆಗೆ ಬಿಡಬೇಕು.